ಕಾರಿನ ಎಡಗಣ್ಣಿನಲ್ಲಿ ನೀರು

ಕಾರಿನ ಎಡಗಡೆ ಹೆಡ್‌ಲೈಟಿನೊಳಗೆ ನೀರು ಕಟ್ಟಿಕೊಂಡಿದ್ದನ್ನು ಮೊದಲು ಕಂಡದ್ದು ಅಪ್ಪ. ಬೆಳಿಗ್ಗೆ ಹಸುಗಳಿಗೆ ಹುಲ್ಲು ಹಾಕಿ ಬಂದವನು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸಂತೆಯಲ್ಲಿ ಎತ್ತಿನ ಕಣ್ಣು ನೋಡುವ ಹಾಗೆ ಅದರ ಲೈಟು ನೋಡುತ್ತಿದ್ದ. ನಾನು ಸ್ಕೂಲಿಗೆ ಹೊರಟು ಬ್ಯಾಗು ಹಿಡಿದು ಹೊರಗೆ ಬಂದೆ.

"ಏನ್ ಮೇಡಮ್ಮೋರೇ, ನಿಮ್ ಗಾಡಿ ಅಳ್ತಾ ಐತಲ್ಲ?" ಅಂದ.

ಬಗ್ಗಿ ನೋಡಿದೆ. ಗಾಜಿನ ಒಳಮಗ್ಗುಲಿಗೆ ಮಂಜು ಹಿಡಿದಿತ್ತು. ಕೆಳಗಡೆ ಸಣ್ಣ ಹನಿಗಳು ಸಾಲುಗಟ್ಟಿ ಕೂತಿದ್ದವು. ಸೆರಗಿನ ತುದಿಯಿಂದ ಒರೆಸಿದೆ, ಹೊರಗಿನ ಧೂಳು ಹೋಯಿತು, ಒಳಗಿನ ಮಂಜು ಇದ್ದಲ್ಲೇ ಇತ್ತು. ಬಲಗಡೆಯ ಲೈಟು ಮಾತ್ರ ಬೆಳಗಿಟ್ಟ ಲೋಟದ ಹಾಗೆ ಫಳಫಳ ಅನ್ನುತ್ತಿತ್ತು.

"ಬಿಸಿಲು ಬಂದ್ರೆ ಆರ್ಕೊತದೆ ಬುಡಪ್ಪ" ಅಂದು ಹೊರಟುಬಿಟ್ಟೆ.

ಅದು ಆರಲಿಲ್ಲ. ಒಂದು ವಾರ ಬಿಸಿಲು ಹೊಡೆದರೂ ಆರಲಿಲ್ಲ. ಮಧ್ಯಾಹ್ನ ಒಸಿ ತಿಳಿಯಾದಂತೆ ಕಾಣುವುದು, ಬೆಳಗಾದರೆ ಮತ್ತೆ ಅದೇ ಪೊರೆ.

ಕಾರಿನ ಬಗ್ಗೆ ಒಂದೆರಡು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆ ನಾನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ. ಕಷ್ಟಪಟ್ಟು ಓದಿದವರು ಬಾಯಿ ಮುಚ್ಚಿಕೊಂಡಿರಬೇಕು ಅಂತ ಎಲ್ಲೂ ಬರೆದಿಲ್ಲ. ಸಾತನೂರಿನಿಂದ ಕನಕಪುರದ ಕಾಲೇಜಿಗೆ ಮೂರು ವರ್ಷ ಸರ್ಕಾರಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎಸ್ಸಿ. ಮಾಡಿದೆ. ಆಮೇಲೆ ಬಿ.ಎಡ್. ಮಾಡಿದೆ. ಓದಿದ್ದೆಲ್ಲ ಹುಳುಮನೆಯಲ್ಲಿ, ಅಂದರೆ ಅವ್ವ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆಯಲ್ಲಿ. ಮನೆಗಿದ್ದ ಒಳ್ಳೆಯ ಟ್ಯೂಬ್‌ಲೈಟು ಅಲ್ಲೇ ಇತ್ತು. ತಟ್ಟೆ ತಟ್ಟೆಯಲ್ಲೂ ಹುಳುಗಳು ಸೊಪ್ಪು ಮೇಯುವ ಸದ್ದಿನ ನಡುವೆ ನ್ಯೂಟನ್ನನ ನಿಯಮ ಬಾಯಿಪಾಠ ಮಾಡಿದವಳು ನಾನು. ಇವತ್ತಿಗೂ ಪೂರ್ತಿ ನಿಶ್ಶಬ್ದವಾದ ಕಡೆ ನನಗೆ ಓದು ತಲೆಗೆ ಹತ್ತುವುದಿಲ್ಲ. ಈಗ ಚನ್ನಪಟ್ಟಣದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರು. ಕೆಲಸ ಸಿಕ್ಕಿ ನಾಲ್ಕನೇ ವರ್ಷಕ್ಕೆ ಈ ಬಿಳಿ ಕಾರು ತೆಗೆದುಕೊಂಡೆ. ಸೆಕೆಂಡ್ ಹ್ಯಾಂಡು. ನಮ್ಮೂರಲ್ಲಿ ಹೆಂಗಸರು ಯಾರೂ ಅದುವರೆಗೆ ಕಾರು ಓಡಿಸಿರಲಿಲ್ಲ. ಬೀದಿಯಲ್ಲಿ ನಾನು ಕಾರು ತಿರುಗಿಸುವಾಗ ಬೇಲಿ ಮೇಲೆ ಬಟ್ಟೆ ಹರವುತ್ತಿದ್ದವರು ಹರವುವುದನ್ನು ಬಿಟ್ಟು ನೋಡುತ್ತಿದ್ದರು.

ಕಾರು ಬಂದ ದಿನವೇ ಅವ್ವನಿಗೆ ಒಂದು ಮಾತು ಕೊಟ್ಟಿದ್ದೆ.

ಅವ್ವ ನಾನು ಹುಟ್ಟುವುದಕ್ಕೂ ಮೊದಲಿನಿಂದ ಹುಳು ಸಾಕುತ್ತಿದ್ದಾಳೆ. ಬೆಳಿಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು, ಸಂಜೆ ಸೊಪ್ಪು, ಮಲಗುವ ಮುಂಚೆ ಇನ್ನೊಂದು ಸಲ. ಹುಳುಗಳಿಗೆ ಜ್ವರ ಬಂದಿದೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಕೂತಿವೆ ಅಂದರೆ, ಮನೆಯಲ್ಲಿ ಒಗ್ಗರಣೆ ಹಾಕುವುದಕ್ಕೂ ಬಿಡುತ್ತಿರಲಿಲ್ಲ. ಹಾಗೆ ಸಾಕಿದ ಗೂಡು ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುತ್ತದೆ. ತೆಗೆದುಕೊಂಡು ಹೋಗುವವನು ಅಪ್ಪ. ನಮ್ಮ ಕಡೆ ರೂಢಿಯೇ ಹಾಗೆ: ಸಾಕುವುದು ಹೆಂಗಸರು, ಮಾರುವುದು ಗಂಡಸರು. ಇಷ್ಟು ವರ್ಷದಲ್ಲಿ ಅವ್ವ ಒಂದು ದಿನವೂ ಆ ಮಾರುಕಟ್ಟೆಯ ಬಾಗಿಲು ನೋಡಿರಲಿಲ್ಲ. ಗೂಡಿನ ಮೂಟೆ ಗೂಡ್ಸ್ ಆಟೋಗೆ ಹತ್ತಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಬಂದು ಹುಳುಮನೆ ಗುಡಿಸಲು ಶುರುಮಾಡುತ್ತಿದ್ದಳು.

"ಮುಂದಿನ ಬೆಳೆಗೆ ನೀನೇ ಬಾರವ್ವ, ನಾನ್ ಕರ್ಕೊಂಡು ಹೋಯ್ತೀನಿ" ಅಂದಿದ್ದೆ.

"ಅಲ್ಲಿ ನಂಗೇನ್ ಕೆಲ್ಸ? ಬರೀ ಗಂಡಸ್ರಂತೆ" ಅಂದಳು. ಆದರೆ ಅವತ್ತಿನಿಂದ ದಿನಕ್ಕೊಮ್ಮೆ ಅದರ ಮಾತೆತ್ತುತ್ತಿದ್ದಳು. ಅಲ್ಲಿ ಕೂರಾಕೆ ಜಾಗ ಐತಾ, ಯಾವ ಸೀರೆ ಉಟ್ಕೊಂಡು ಹೋಗೋದು, ಗೂಡು ಸುರ್ಯೋದು ನೆಲಕ್ಕಾ ತಟ್ಟೆಗಾ ಎಂದೆಲ್ಲ ಕೇಳುವಳು. ನಾನು ಕೊಟ್ಟ ಮಾತು ಅವಳ ತಲೆಯೊಳಗೆ ಮನೆ ಕಟ್ಟಿಕೊಂಡಿತ್ತು.

ಹುಳುಗಳು ಹಣ್ಣಾಗಿ, ಅಂದರೆ ಮೈ ಹೊಳಪಾಗಿ ಗೂಡು ಕಟ್ಟಲು ಹದವಾಗಿ, ಗುರುವಾರ ಚಂದ್ರಿಕೆ ಹತ್ತಿದವು. ಚಂದ್ರಿಕೆ ಅಂದರೆ ಬಿದಿರಿನ ತಡಿಕೆ, ಅದರ ಸುರುಳಿ ಸಂದಿಗಳಲ್ಲಿ ಹುಳುಗಳು ಗೂಡು ಕಟ್ಟುತ್ತವೆ. ಮಂಗಳವಾರ ಬಿಡಿಸಿದರೆ ಬುಧವಾರ ಮಾರುಕಟ್ಟೆ. ಅದನ್ನು ಮುಂದಕ್ಕೆ ಹಾಕುವ ಹಾಗಿಲ್ಲ, ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ನಾನು ಬುಧವಾರಕ್ಕೆ ರಜೆ ಬರೆದುಕೊಟ್ಟು ಬಂದೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ಅಪ್ಪ ತಣ್ಣಗೆ ಹೇಳಿದ, "ಗೂಡ್ಸ್ ಆಟೋದವನಿಗೆ ಹೇಳಿವ್ನಿ. ನಾನೇ ಹೋಗ್ ಬತ್ತೀನಿ."

"ಯಾಕಪ್ಪ? ಕಾರಲ್ಲಿ ಅಂತ ಮಾತಾಗಿತ್ತಲ್ಲ."

"ಐದು ಗಂಟೆಗೆ ಹೊಂಡ್ಬೇಕು. ಈ ಮಾರ್ಗಶಿರದ ಮಂಜು ನೋಡಿದ್ದೀಯಾ, ಕನಕಪುರ ದಾಟೋವರ್ಗೂ ಮುಂದೆ ಹೋಗೋ ಗಾಡಿ ಬಾಲ ಕಾಣಾಕಿಲ್ಲ. ನಿನ್ ಗಾಡಿಗೆ ಒಂದೇ ಕಣ್ಣು. ಒಕ್ಕಣ್ಣಿನ ಗಾಡಿಲಿ ನನ್ ಹೆಂಡ್ತಿ ಮಗಳು ಗೂಡು ಮೂರನ್ನೂ ಕಳ್ಸಾಕೆ ನಂಗೇನ್ ಹುಚ್ಚಾ?"

"ಸರಿ ಮಾಡುಸ್ತೀನಿ."

"ಮಾಡ್ಸು. ಬುಧವಾರದೊಳಗೆ ಆ ಗಾಜು ತಿಳಿಯಾದ್ರೆ ಇಬ್ರೂ ಹೋಗ್ರಿ, ಬ್ಯಾಡ ಅನ್ನಾಕಿಲ್ಲ. ಆಗ್ಲಿಲ್ಲ, ಮುಂದಿನ ಬೆಳೆಗೆ ನೋಡಾನ."

ಅವ್ವ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಅದ್ದಿದ್ದನ್ನು ತಿನ್ನದೆ ಹಾಗೇ ಇಟ್ಟಳು. ಅಷ್ಟು ಸಾಕಾಯಿತು ನನಗೆ.

ಮಜಾ ಏನೆಂದರೆ, ಅದೇ ವಾರ ನಾನು ಎಂಟನೇ ಕ್ಲಾಸಿಗೆ ಆವಿ ನೀರಾಗುವ ಪಾಠ ಮಾಡಿದ್ದೆ. ಸ್ಟೀಲ್ ಲೋಟಕ್ಕೆ ತಣ್ಣೀರು ಸುರಿದು, ಹೊರಗಡೆ ಹನಿ ಕಟ್ಟುವುದನ್ನು ತೋರಿಸಿ, ಗಾಳಿಯಲ್ಲಿರುವ ತೇವ ತಣ್ಣನೆಯ ಮೈ ಮುಟ್ಟಿದರೆ ನೀರಾಗುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದಿದ್ದೆ. ಶುಕ್ರವಾರ ನಮ್ಮ ಗಣಿತದ ಮೇಷ್ಟ್ರು ಕಾರಿನ ಪಕ್ಕ ನಿಂತು ನಕ್ಕರು.

"ಮೇಡಂ, ಮಕ್ಕಳಿಗೆ ಲೋಟ ಯಾಕೆ ತೋರಿಸಿದ್ರಿ? ಹೊರಗೆ ಕರ್ಕೊಂಡು ಬಂದು ಇದನ್ನೇ ತೋರಿಸಬಹುದಿತ್ತಲ್ಲ!"

"ನಗಬೇಡಿ ಸಾರ್, ಉಪಾಯ ಇದ್ರೆ ಹೇಳಿ."

ಅವರು ಹೇಳಿದರು. ಹೊಸ ಶೂ ಡಬ್ಬದಲ್ಲಿ ಒಂದು ಸಣ್ಣ ಚೀಟಿ ಇರುತ್ತದಲ್ಲ, ಅದರೊಳಗಿನ ಹರಳು ತೇವ ಹೀರುತ್ತದೆ, ಅದನ್ನು ಲೈಟಿನೊಳಗೆ ಇಡಿ ಅಂತ. ನಮ್ಮ ಲ್ಯಾಬಿನಲ್ಲೇ ಆ ಹರಳಿನ ಬಾಟಲಿ ಇತ್ತು. ಒಣಗಿದ್ದರೆ ನೀಲಿ, ತೇವ ಕುಡಿದರೆ ಗುಲಾಬಿ ಬಣ್ಣ. ಒಂದು ಹಿಡಿ ತೆಗೆದುಕೊಂಡು, ತೆಳ್ಳನೆ ಬಟ್ಟೆಯಲ್ಲಿ ಗಂಟು ಕಟ್ಟಿ, ಮನೆಗೆ ಬಂದು ಬಾನೆಟ್ ಎತ್ತಿ, ಲೈಟಿನ ಹಿಂದಿನ ರಬ್ಬರ್ ಮುಚ್ಚಳ ಬಿಚ್ಚಿ ಒಳಗೆ ತೂರಿಸಿ ಮುಚ್ಚಿದೆ. ಬೆಳಿಗ್ಗೆ ಎದ್ದು ನೋಡಿದರೆ ಹರಳು ಗುಲಾಬಿಯಾಗಿತ್ತು. ಪಾಠದಲ್ಲಿ ಹೇಳಿದ ಹಾಗೇ ಆಗಿತ್ತು. ಆದರೆ ಗಾಜು ಬೆಳ್ಳಗೇ ಇತ್ತು. ಇನ್ನೊಂದು ಗಂಟು ಇಟ್ಟೆ. ಅದೂ ಗುಲಾಬಿಯಾಯಿತು. ಎಷ್ಟು ಹೀರಿದರೂ ಒಳಗೆ ಇನ್ನಷ್ಟು ತೇವ ಎಲ್ಲಿಂದಲೋ ಬರುತ್ತಿತ್ತು.

ಶನಿವಾರ ಸ್ಕೂಲು ಅರ್ಧ ದಿನ. ಮಧ್ಯಾಹ್ನ ಕನಕಪುರದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಬೈಕಿನ ಚೈನು ಬಿಗಿಮಾಡುತ್ತಾ, ಕೂತಲ್ಲಿಂದಲೇ ಲೈಟು ನೋಡಿದ.

"ಫುಲ್ ಲೈಟೇ ಚೇಂಜ್ ಆಗ್ಬೇಕು ಮೇಡಂ. ಆರ್ಡರ್ ಹಾಕಿದ್ರೆ ಹತ್ತು ದಿನ."

"ಹತ್ತು ದಿನ ಆಗಲ್ಲಪ್ಪ, ಬುಧವಾರ ಬೆಳಿಗ್ಗೆ ಗಾಡಿ ಬೇಕು."

"ಬುಧವಾರ ಏನಿದೆ ಮೇಡಂ? ಮದುವೇನಾ?"

"ಗೂಡು ಮಾರ್ಕೆಟ್ಟು."

"ಗೂಡಿಗೆ ಕಾರಾ!" ಅಂತ ಆತ ಚೈನು ಬಿಟ್ಟು ತಲೆಯೆತ್ತಿ ನೋಡಿದ. ಕಾರನ್ನಲ್ಲ, ನನ್ನನ್ನು.

ಮನೆಗೆ ಬಂದು ವಿಷಯ ಹೇಳಿದೆ. ಅಪ್ಪ ಸುಮ್ಮನೆ ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ನೀರೊಲೆಯಲ್ಲಿ ಹಳೇ ಕೊಡೆಯ ಕಡ್ಡಿ ಕಾಯುತ್ತಿದೆ.

"ಏನಪ್ಪ ಅದು?"

"ನೀರು ಒಳಗೆ ಸೇರ್ಕೊಂಡೈತೆ. ಹೊರಕ್ಕೆ ಹೋಗಾಕೆ ದಾರಿ ಬ್ಯಾಡ್ವಾ? ಕೆಳಗಡೆ ಎರಡು ತೂತು ಇಕ್ಕುಬುಟ್ರೆ ಸೋರ್ಕೊಂಡು ಹೋಯ್ತದೆ. ಗದ್ದೆ ಬದ ಕಡ್ದು ನೀರು ಬುಡೋ ಅಷ್ಟು ಸುಲ್ಬ."

"ಅಯ್ಯೋ ಬ್ಯಾಡ ಕಣಪ್ಪೋ! ಅದು ಪ್ಲಾಸ್ಟಿಕ್ಕು, ಕರ್ಗಿ ಹೋಯ್ತದೆ."

"ನಾನೇನ್ ಗಾಜಿಗೆ ಇಕ್ತೀನಾ? ಬುಡಕ್ಕೆ ಕಣವ್ವ. ನೀನ್ ಓದಿರೋಳು, ನಂದೂ ಒಸಿ ತಲೆ ಅನ್ನೋದೈತೆ."

ಕಾದ ಕಡ್ಡಿ ಹಿಡಿದುಕೊಂಡು ಅವನು, ಕಾರಿಗೆ ಬೆನ್ನು ಕೊಟ್ಟು ಕೈಚಾಚಿ ನಾನು. ಅವ್ವ ನಡುವೆ ಬಂದು "ಗಾಡಿ ಮಗೀದು, ಮಗೀನೇ ಕೇಳು" ಅಂದಳು. ಅಪ್ಪ ಕಡ್ಡಿಯನ್ನು ನೀರಿಗೆ ಅದ್ದಿದ. ಚುಂಯ್ ಅಂತು. "ನಾಳೆ ಒಂದಿನ ಟೇಮು" ಅಂದ.

ಭಾನುವಾರ ಬೆಳಿಗ್ಗೆ, ಬೇರೆ ದಾರಿ ಕಾಣದೆ, ಕಾರಿನ ಜೊತೆ ಬಂದಿದ್ದ ಪುಸ್ತಕ ತೆಗೆದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕವರು ಕೂಡ ಬಿಚ್ಚದೆ ಬಿದ್ದಿತ್ತು. ಹಿಂದಿನ ಯಜಮಾನನೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ಜೀವಮಾನವೆಲ್ಲ ಪುಸ್ತಕ ಓದಿಯೇ ಮೇಲೆ ಬಂದವಳು ಕೈಯಲ್ಲೇ ಇದ್ದ ಪುಸ್ತಕವೊಂದನ್ನು ಬಿಟ್ಟು ಊರೆಲ್ಲ ತಿರುಗಿದ್ದೆ. ನಾಚಿಕೆಯಾಯಿತು. ಇಂಗ್ಲಿಷಿನಲ್ಲಿ ಸಣ್ಣಕ್ಷರ. ಜಗುಲಿ ಮೇಲೆ ಕೂತು ಹುಡುಕಿ ಹುಡುಕಿ ಆ ಪುಟ ಹಿಡಿದೆ. ಅವ್ವ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಅಪ್ಪ ಕಂಬಕ್ಕೆ ಒರಗಿದ್ದ.

"ಇಲ್ಲಿ ಕೇಳ್ರಿ" ಅಂದು ಕನ್ನಡದಲ್ಲಿ ಹೇಳುತ್ತಾ ಹೋದೆ. "ಲೈಟು ಹತ್ತಿದಾಗ ಒಳಗಿನ ಗಾಳಿ ಬಿಸಿಯಾಗಿ ಉಬ್ತದೆ, ಹೊರಗೆ ಹೋಯ್ತದೆ. ಆರಿಸಿದ್ಮೇಲೆ ತಣ್ಣಗಾಗಿ ಹೊರಗಿನ ಗಾಳಿನ ಒಳಕ್ಕೆ ಎಳ್ಕೋತದೆ. ಅಂದ್ರೆ ಲೈಟು ಉಸಿರಾಡ್ತದೆ. ಅದಕ್ಕೇಂತ ಹಿಂದುಗಡೆ, ಕೆಳಮಗ್ಗುಲಲ್ಲಿ, ಕಂಪ್ನಿಯವ್ರೇ ಸಣ್ಣ ತೂತು ಬುಟ್ಟವ್ರೆ."

"ನೋಡ್ದಾ! ನಾನ್ ನಿನ್ನೆ ಏನಂದೆ? ತೂತು ಬೇಕು ಅಂದೆ!" ಅಪ್ಪ ಕಂಬ ಬಿಟ್ಟು ನೆಟ್ಟಗೆ ಕೂತ.

"ಇದ್ದ ಮೇಲೆ ಇನ್ನೊಂದು ಯಾಕಪ್ಪ?"

ಅವ್ವನ ಕೈ ನಿಂತಿತ್ತು. ಬಿಡಿಸುತ್ತಿದ್ದ ಕಾಯಿ ಅರ್ಧ ಸೀಳಿಕೊಂಡು ಹಾಗೇ ಬೆರಳ ನಡುವೆ ಇತ್ತು.

"ಅಲ್ಲ ಕಣೆ," ಅಂದಳು ಮೆಲ್ಲಗೆ. "ಆ ತೂತು ಕಿರುಬೆರಳ ತುದಿ ಹೋಗೋ ಅಷ್ಟಿರ್ತದಾ? ಒಸಿ ಮೂತಿ ಮುಂದಕ್ಕೆ ಬಂದಿರ್ತದೆ, ಮೆತ್ತಗೆ, ರಬ್ಬರು?"

"ಇರ್ಬೋದು. ನಿಂಗೆಂಗೆ ಗೊತ್ತು?"

ಅವ್ವ ಮೊರದ ಕಡೆ ನೋಡಿದಳು. ಆಮೇಲೆ ಕಾರಿನ ಕಡೆ ನೋಡಿದಳು.

"ಅದನ್ನ ಮುಚ್ಚಿದ್ದು ನಾನೇ ಕಣೆ."

ನಾನು ಪುಸ್ತಕ ಮಡಚಿಟ್ಟೆ.

ನಡೆದದ್ದು ಇಷ್ಟು. ಆಯುಧಪೂಜೆ ದಿನ ನಾನು ಕಾರು ತೊಳೆದು, ಬಾನೆಟ್ ಎತ್ತಿಟ್ಟು, ಬೂದುಗುಂಬಳ ತರಲು ಹೋಗಿದ್ದೆ. ಒಳಗೂ ಒಂದು ಸಲ ಒರೆಸಿಬಿಡೋಣ ಅಂತ ಅವ್ವ ಒದ್ದೆ ಬಟ್ಟೆ ಹಿಡಿದು ಬಂದಿದ್ದಳು. ಲೈಟಿನೊಳಗೆ ಒಂದು ಸಣ್ಣ ಹುಳ ಸತ್ತು ಬಿದ್ದಿದ್ದು ಕಂಡಿತು. ಹುಳ ಒಳಗೆ ಬಂತು ಅಂದರೆ ತೂತು ಇರಲೇಬೇಕು. ಬೆರಳಾಡಿಸಿ ಹುಡುಕಿದಳು. ಅದು ಕಣ್ಣಿಗೆ ಕಾಣುವ ಜಾಗವಲ್ಲ, ಅದಕ್ಕೇ ಎರಡು ಸಲ ಬಾನೆಟ್ ಎತ್ತಿದ್ದರೂ ನನಗೆ ಕಂಡಿರಲಿಲ್ಲ. ಆದರೆ ಅವ್ವನ ಬೆರಳಿಗೆ ಕಣ್ಣು ಬೇಕಿಲ್ಲ. ಪ್ರತಿ ಬೆಳೆಗೂ ಮೊದಲು ಹುಳುಮನೆಯ ಗೋಡೆ, ಬಾಗಿಲ ಚೌಕಟ್ಟು, ಕಿಟಕಿ ಸಂದಿ ಎಲ್ಲದರ ಮೇಲೂ ಕೈಯಾಡಿಸಿಯೇ ಬಿರುಕು ಹುಡುಕುವವಳು ಅವಳು. ಊಜಿ ಅಂತ ಒಂದು ನೊಣ. ಅದು ಹುಳುವಿನ ಮೈ ಮೇಲೆ ಮೊಟ್ಟೆ ಇಟ್ಟರೆ ಆ ಹುಳು ಮುಗಿಯಿತು, ನಾಲ್ಕಾರು ನೊಣ ನುಗ್ಗಿದರೆ ಬೆಳೆಯೇ ಮುಗಿಯಿತು. ರೇಷ್ಮೆ ಸಾಕುವ ಮನೆಯಲ್ಲಿ ತೂತು ಅನ್ನುವುದನ್ನು ಕಂಡ ಕೂಡಲೇ ಕೈ ತಾನೇ ಮುಚ್ಚಲು ಹೋಗುತ್ತದೆ. ಮೊದಲು ಎಳೆ ಹುಳುವನ್ನೂ ಮನೆಯಲ್ಲೇ ಸಾಕುತ್ತಿದ್ದಾಗ ಸೊಪ್ಪು ಬಾಡದಂತೆ ಹೊದಿಸಲು ತಂದು ಉಳಿದಿದ್ದ ಮೇಣದ ಕಾಗದ ಇತ್ತು. ಅದನ್ನು ಬತ್ತಿ ಹೊಸೆದು, ಒತ್ತಿ ತುರುಕಿ, ಮೇಲೆ ಗಮ್ ಟೇಪು ಸುತ್ತಿದ್ದಳು.

"ಒಂದಲ್ಲ ಕಣೆ, ಎರಡು ತೂತಿದ್ದೊ. ಎರಡೂ ಮುಚ್ಚಿವ್ನಿ. ಬಲಗಡೇದೂ ಮುಚ್ಚಾವ ಅಂದ್ರೆ ಬ್ಯಾಟ್ರಿ ಅಡ್ಡ, ಕೈ ಹೋಗ್ಲಿಲ್ಲ" ಅಂದಳು.

ಬಲಗಣ್ಣು ಫಳಫಳ ಅನ್ನುತ್ತಿದ್ದುದರ ಗುಟ್ಟು ಇದು.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಅಲ್ಲಮ್ಮಿ, ಕಾರೊಳಗೆ ನೀನ್ ಯಾವ ಹುಳ ಮೇಯ್ಸಾಕೆ ಬುಟ್ಟಿದ್ದೆ? ಊಜಿ ಬಂದು ಬಲ್ಬಿನ ಮೇಲೆ ಮೊಟ್ಟೆ ಇಕ್ತಿತ್ತಾ?"

"ನಗು ನಗು. ಕೊಡೆ ಕಡ್ಡಿ ಕಾಯ್ಸಿದ್ದು ಯಾರು? ನಾನ್ ತೂತು ಮುಚ್ದೆ, ನೀನು ಅದ್ರ ಪಕ್ಕ ಇನ್ನೊಂದು ಕೊರ್ಯಾಕೆ ಹೋಗಿದ್ದೆ. ಇಬ್ರಲ್ಲಿ ಯಾರ್ ದಡ್ಡರು?"

"ಇಬ್ಬರೂ ಅಲ್ಲ, ಪುಸ್ತಕ ಓದ್ದೆ ಇದ್ದ ನಾನು" ಅಂದೆ. ಅದು ನಿಜವೂ ಆಗಿತ್ತು. ಇನ್ನೂ ಒಂದು ನಿಜ ಇತ್ತು. ಗಣಿತದ ಮೇಷ್ಟ್ರನ್ನು ಕೇಳಿದ್ದೆ, ಮೆಕ್ಯಾನಿಕ್‌ನನ್ನು ಕೇಳಿದ್ದೆ. ಗಾಳಿ ಮತ್ತು ತೇವ ಎರಡರ ಜೊತೆಗೇ ಬಾಳಿದ ಹೆಂಗಸು ಮನೆಯಲ್ಲೇ ಇದ್ದಳು, ಅವಳನ್ನು ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಕಾರಿನ ವಿಷಯ ಅವ್ವನಿಗೇನು ಗೊತ್ತು ಅಂದುಕೊಂಡಿದ್ದೆ.

ಹೇಗೆ ನೀರು ಸೇರಿತು ಅಂತ ಅವಳಿಗೆ ಬಿಡಿಸಿ ಹೇಳಲು ಹೊರಟೆ. ಉಸಿರಾಡುವ ದಾರಿ ಮುಚ್ಚಿದ ಮೇಲೆ ಲೈಟು ತಣ್ಣಗಾಗುವಾಗ ಅಂಚಿನ ಸಂದಿಯಿಂದಲೇ ಒದ್ದೆ ಗಾಳಿ ಎಳೆದುಕೊಳ್ಳುತ್ತದೆ, ಹೊರಗೆ ಹೋಗಲು ಅದಕ್ಕೆ ದಾರಿ ಇಲ್ಲ, ದಿನಾ ಒಂದೊಂದು ಹನಿ ಕೂಡುತ್ತದೆ ಅಂತ ಶುರುಮಾಡಿದ್ದೆ. ಅರ್ಧಕ್ಕೇ ಅವಳು ತಲೆಯಾಡಿಸಿದಳು.

"ಚಂದ್ರಿಕೆ ಕೋಣೆ ಥರ ಅನ್ನು. ಗೂಡು ಕಟ್ಟೋ ಮುಂಚೆ ಹುಳ ಮೈಯಾಗಿನ ನೀರೆಲ್ಲ ಬುಡ್ತದೆ. ಆಗ ಕಿಟಕಿ ಹಾಕಿದ್ರೆ ಕೋಣೆಲೇ ನಿಂತ್ಕೋತದೆ, ಗೂಡು ಮೆತ್ತಗಾಯ್ತದೆ. ಇದೇನ್ ದೊಡ್ಡ ಇದ್ಯೆ. ಎದ್ದೇಳು, ಬಾನೆಟ್ ಎತ್ತು."

ಆಮೇಲಿನದ್ದೆಲ್ಲ ಅವಳದೇ ಕಾರುಬಾರು. ತಲೆಯ ಪಿನ್ನು ನೆಟ್ಟಗೆ ಮಾಡಿ, ಕೆನ್ನೆಯನ್ನು ಕಾರಿನ ಅಂಚಿಗೆ ಒತ್ತಿ, ಕೈ ಒಳಗೆ ಬಿಟ್ಟು, ಮುಖ ಆಕಾಶದ ಕಡೆ ಮಾಡಿಕೊಂಡು ಬೆರಳಲ್ಲೇ ಹುಡುಕಿದಳು. ಟೇಪು ಬಂತು. ಒಂದು ಬತ್ತಿ ಬಂತು. ಇನ್ನೊಂದು ಬರಲು ಸತಾಯಿಸಿ ಕೊನೆಗೆ ಅದೂ ಬಂತು, ತುದಿಯಲ್ಲಿ ಒಂದು ಹನಿ ನೀರಿನ ಸಮೇತ. ನಾನು ಹಿಂದಿನ ಮುಚ್ಚಳ ತೆಗೆದು ಬಲ್ಬು ಬಿಚ್ಚಿಟ್ಟೆ. ಅವ್ವ ಸುಣ್ಣದ ಪುಡಿ ತರಲು ಹೊರಟಳು. ಹುಳುವಿನ ಹಾಸಿಗೆ ಒದ್ದೆಯಾದರೆ ಅದರ ಮೇಲೆ ಉದುರಿಸುವುದು ಅದನ್ನೇ.

"ಸುಣ್ಣ ಬ್ಯಾಡವ್ವ, ಒಳಗಿನ ಕನ್ನಡಿಗೆ ಹತ್ಕೊಂಡ್ರೆ ಬೆಳಕೇ ಬರಾಕಿಲ್ಲ."

"ಅಂಗಾರೆ ಗಾಳಿ" ಅಂದಳು.

ಹುಳುಮನೆಯಲ್ಲಿ ಎರಡು ದೊಡ್ಡ ಫ್ಯಾನುಗಳಿದ್ದವು. ಒಂದು ಚಂದ್ರಿಕೆಗಳ ಕಡೆ ತಿರುಗುತ್ತಿತ್ತು, ಅದನ್ನು ಮುಟ್ಟುವ ಹಾಗಿಲ್ಲ. ಇನ್ನೊಂದನ್ನು ಅಪ್ಪ ಹೊತ್ತು ತಂದ. ವೈರು ಸಾಲದೆ ಪಕ್ಕದ ಮನೆಯಿಂದ ಉದ್ದನೆಯದೊಂದು ಇಸಕೊಂಡು ಬಂದದ್ದಾಯಿತು. ಬಾಯಿ ತೆರೆದ ಬಾನೆಟ್ಟಿಗೆ ಫ್ಯಾನು ಮುಖ ಮಾಡಿ ನಿಲ್ಲಿಸಿದೆವು. ದಾರಿಯಲ್ಲಿ ಹೋಗುವವರು ನಿಂತೇ ನಿಂತರು.

"ಏನ್ಲಾ, ಕಾರಿಗೆ ಸೆಕೆ ಆಗೈತಾ? ಮಾರ್ಗಶಿರದಾಗೆ?" ಅಂದ ಅಪ್ಪನ ಜೊತೆಗಾರನೊಬ್ಬ, ಹೆಗಲ ಮೇಲೆ ಸೊಪ್ಪಿನ ಹೊರೆ.

"ಇಲ್ಲ ಕಣ್ಲಾ, ಬಾಣಂತಿ. ಗಾಳಿ ಬೇಕಂತೆ" ಅಂದ ಅಪ್ಪ.

"ಬಾಣಂತಿಗೆ ಗಾಳಿ ಆಯ್ತದೇನ್ಲಾ? ಕಿವಿಗೆ ಬಟ್ಟೆ ಕಟ್ಟು!"

ಮಧ್ಯಾಹ್ನದ ಹೊತ್ತಿಗೆ ಗಾಜಿನ ಮೇಲ್ತುದಿಯಲ್ಲಿ ಒಂದು ಅಂಗೈಯಗಲ ತಿಳಿಯಾಯಿತು. ಆ ತಿಳಿ ನಿಧಾನವಾಗಿ ಕೆಳಗಿಳಿಯುತ್ತಾ ಬಂತು. ನಾವು ಮೂವರೂ ಸರದಿಯ ಮೇಲೆ ಹೋಗಿ ಹೋಗಿ ನೋಡಿದೆವು. ಸಂಜೆ ಬಿಸಿಲು ಹುಣಿಸೆಮರದ ಹಿಂದಕ್ಕೆ ಹೋಗುವಾಗ ಕೊನೆಯ ಹನಿಯೂ ಆರಿ, ಬಲಗಡೆಯದಕ್ಕೂ ಎಡಗಡೆಯದಕ್ಕೂ ವ್ಯತ್ಯಾಸ ಇಲ್ಲದಂತಾಯಿತು. ಬಲ್ಬು ಹಾಕಿ ಲೈಟು ಹತ್ತಿಸಿದೆ. ಕೊಟ್ಟಿಗೆ ಗೋಡೆಯ ಮೇಲೆ ಎರಡು ಬೆಳಕೂ ಸಮವಾಗಿ ಬಿದ್ದವು, ಹಸು ಕಣ್ಣು ಮಿಟುಕಿಸಿತು.

ಅಷ್ಟಕ್ಕೇ ಅವ್ವನಿಗೆ ಸಮಾಧಾನವಾಗಲಿಲ್ಲ. "ಗಾಳಿ ಆಡ್ಬೇಕು, ಹುಳ ಬರ್ಬಾರ್ದು. ಅದಕ್ಕೆ ನಾವೇನ್ ಮಾಡ್ತೀವಿ? ಬಲೆ ಹಾಕ್ತೀವಿ" ಅಂದು, ಹುಳುಮನೆ ಬಾಗಿಲಿಗೆ ಹಾಕಿ ಉಳಿದಿದ್ದ ನೈಲಾನ್ ಬಲೆಯಿಂದ ಎರಡು ಚೂರು ಕತ್ತರಿಸಿದಳು. ಎರಡೂ ತೂತಿನ ಮೂತಿಗೆ ಹಾಕಿ ದಾರ ಸುತ್ತಿ ಕಟ್ಟಿದಳು. ಇವತ್ತಿಗೂ ಅವು ಅಲ್ಲೇ ಇವೆ. ಆಮೇಲೆ ಒಂದು ಸಲ ಸರ್ವೀಸಿಗೆ ಬಿಟ್ಟಾಗ ಅಲ್ಲಿಯ ಹುಡುಗ "ಇದು ಕಂಪ್ನಿ ಫಿಟ್ಟಿಂಗಾ ಮೇಡಂ?" ಅಂತ ಕೇಳಿದ್ದ. ಹೌದು ಅಂದಿದ್ದೆ.

ಸೋಮವಾರ ಬೆಳಿಗ್ಗೆ ಅಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ. ಗಾಜು ತಿಳಿ. ಮಂಗಳವಾರ ಬೆಳಿಗ್ಗೆ ಎದುರುಮನೆಯೂ ಕಾಣದಂಥ ಮಂಜು. ಟವೆಲಿನಿಂದ ಹೊರಗಿನ ಇಬ್ಬನಿ ಒರೆಸಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ಒಳಗೆ ತಿಳಿ. ಅವ್ವ ಬಾಗಿಲಲ್ಲಿ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದಳು.

ಅವನು ಎದ್ದು ಮಂಡಿ ಒರೆಸಿಕೊಂಡ. "ಆಟೋದವನಿಗೆ ಬ್ಯಾಡ ಅಂತ ಹೇಳ್ತೀನಿ" ಅಂದ. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಮೂರ್ ಜನ ಹೋಗ್ಬೋದಲ್ವಾ?" ಅಂದ.

"ಹಿಂದ್ಗಡೆ ಸೀಟು ಮಡಚಿದ್ರೇನೇ ಗೂಡು ಹಿಡ್ಯೋದಪ್ಪ. ಮುಂದೆ ಎರಡೇ ಸೀಟು."

"ಹಸು ಕರ್ದು ಡೈರಿಗೆ ಹಾಲು ಯಾರ್ ಹಾಕ್ತಾರೆ? ನೀನಿರು" ಅಂದಳು ಅವ್ವ. ಅಷ್ಟು ದಿನದಲ್ಲಿ ಅವಳ ದನಿಯಲ್ಲಿ ಅಂಥ ಸಂತೋಷ ನಾನು ಕೇಳಿರಲಿಲ್ಲ.

ಬುಧವಾರ ಐದು ಗಂಟೆಗೆ ಹೊರಟೆವು. ಹಿಂದೆ ಪೂರ್ತಿ ಗೂಡಿನ ಚೀಲ, ಕಾರಿನ ತುಂಬ ಹುಳುಮನೆಯ ವಾಸನೆ. ಅವ್ವ ಮಾವಿನ ಚಿಗುರಿನ ಬಣ್ಣದ ಸೀರೆ ಉಟ್ಟು, ಹೂ ಮುಡಿದು, ಎರಡೂ ಕೈಯಲ್ಲಿ ಸೀಟು ಹಿಡಿದು ಕೂತಿದ್ದಳು. ಗೂಡಿಗೆ ಗಾಳಿ ಬೇಕು ಅಂತ ಕಿಟಕಿ ಇಳಿಸಿಯೇ ಇರಬೇಕೆಂದು ಹಟ ಹಿಡಿದಳು. ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಅಪ್ಪ ಹೇಳಿದ ಹಾಗೇ ಮಂಜು ಇತ್ತು. ಲೈಟನ್ನು ತಗ್ಗಿಸಿಕೊಂಡು, ರಸ್ತೆಯ ಎಡಗಡೆಯ ಬಿಳಿ ಗೆರೆ ಹಿಡಿದು ನಿಧಾನಕ್ಕೆ ಹೋದೆ. ಆ ಗೆರೆ ಕಂಡದ್ದು ಎಡಗಡೆ ಲೈಟಿನ ಬೆಳಕಿನಲ್ಲಿ. ಅದೊಂದು ಕಾಣದಿದ್ದರೆ ಅವತ್ತು ನಾವು ಮುಂದೆ ಹೋಗಲಾಗುತ್ತಿರಲಿಲ್ಲ; ಒಕ್ಕಣ್ಣಿನ ಗಾಡಿ ಬೇಡ ಅಂದ ಅಪ್ಪನ ಮಾತು ಸುಳ್ಳೇನಲ್ಲ. ಕನಕಪುರ ದಾಟಿ ರಾಮನಗರದ ಬಂಡೆಗಳು ಮಂಜಿನಿಂದ ತಲೆ ಹೊರಗೆ ಹಾಕುವ ಹೊತ್ತಿಗೆ ಅವ್ವ ಸೀಟು ಬಿಟ್ಟು ಕೈ ಮಡಿಲಲ್ಲಿ ಇಟ್ಟುಕೊಂಡಳು.

ಮಾರುಕಟ್ಟೆಯೊಳಗೆ ಕಾಲಿಟ್ಟಾಗ ಅವಳು ಒಂದು ಗಳಿಗೆ ನಿಂತಳು. ಉದ್ದುದ್ದ ಸಾಲು, ಸಾಲಿನ ತುಂಬ ತಟ್ಟೆ, ತಟ್ಟೆ ತುಂಬ ಗೂಡು. ಹಳದಿ ಒಂದು ಕಡೆ, ಬಿಳಿ ಒಂದು ಕಡೆ. ಸುರಿಯುವ ಸದ್ದು, ಕೂಗು, ಬಾಯಲ್ಲಿ ಕೂಗದೆ ಫೋನಿನಲ್ಲೇ ಹರಾಜಿನ ಬೆಲೆ ಒತ್ತುವ ರೀಲರುಗಳು, ಅಂದರೆ ಗೂಡಿನಿಂದ ನೂಲು ತೆಗೆಯುವವರು. ನಮ್ಮ ಗೂಡನ್ನು ತಟ್ಟೆಗೆ ಸುರಿದೆವು. ಅವ್ವ ಅದರ ಪಕ್ಕ ನಿಲ್ಲಬೇಕಾದವಳು ನಿಲ್ಲಲಿಲ್ಲ. ಸಾಲು ಹಿಡಿದು ಹೊರಟಳು. ಕಂಡವರ ತಟ್ಟೆಗೆಲ್ಲ ಕೈ ಹಾಕಿ, ಒಂದು ಗೂಡು ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ, ಹಿಸುಕಿ ನೋಡಿ ಹಾಕುವುದು. ಮಾಗಡಿ ಕಡೆಯಿಂದ ಬಂದಿದ್ದ ರೈತನೊಬ್ಬನ ಹತ್ತಿರ ನಿಂತು, "ಕೊನೇ ಜ್ವರ ಎದ್ಮೇಲೆ ಸೊಪ್ಪು ಒದ್ದೆದು ಹಾಕ್ಬುಟ್ರಾ?" ಅಂತ ಕೇಳೇಬಿಟ್ಟಳು.

ಆತ ಬೆಚ್ಚಿದ. "ನಿಮಗೆ ಯಾರು ಹೇಳಿದ್ರಕ್ಕ?"

"ಗೂಡೇ ಹೇಳ್ತದಲ್ಲ."

ವಾಪಸು ಬಂದಾಗ ನಮ್ಮ ತಟ್ಟೆಯಲ್ಲಿ ವಯಸ್ಸಾದ ರೀಲರು ಒಬ್ಬರು ಮೊಣಕೈವರೆಗೆ ಕೈ ಇಳಿಸಿ ತಳದ ಗೂಡು ಎತ್ತಿ ನೋಡುತ್ತಿದ್ದರು. ಗಡ್ಡ ಬೆಳ್ಳಗೆ, ತಲೆಗೆ ಟೋಪಿ.

"ಗೂಡು ಚೆನ್ನಾಗಿದೆಯಮ್ಮ. ಮೇಲೂ ಅದೇ, ಕೆಳಗೂ ಅದೇ. ಈ ಗೂಡು ನನಗೆ ಗೊತ್ತು, ಬಹಳ ವರ್ಷದಿಂದ ತಗೋತೀನಿ. ಯಜಮಾನ್ರು ಎಲ್ಲಿ?"

"ಹಸು ಕರ್ಯಾಕೆ ಬುಟ್ಟು ಬಂದಿವ್ನಿ."

"ಅಂದ್ರೆ ಇದನ್ನ ಸಾಕಿದ್ದು?"

"ನಾನೇ."

"ಅರೆ!" ಅವರು ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಇಷ್ಟು ವರ್ಷ ಅವರು ನಾನೇ ಸಾಕಿದೆ, ನಾನೇ ಸಾಕಿದೆ ಅಂತ ನನ್ನ ಹತ್ರ ಹೇಳ್ಕೊಂಡು ಬಂದ್ರಲ್ಲಮ್ಮ!"

ಅವ್ವ ಸೆರಗು ಬಾಯಿಗೆ ಅಡ್ಡ ಇಟ್ಟು ನಕ್ಕಳು. ನಗು ನಿಲ್ಲಲಿಲ್ಲ, ಸೆರಗು ಬಿಟ್ಟು ನಕ್ಕಳು. ಅಕ್ಕಪಕ್ಕದ ಗಂಡಸರೂ ನಕ್ಕರು. ನಮ್ಮ ಗೂಡು ಅವರಿಗೇ ಆಯಿತು. ತೂಕ ಮುಗಿದ ಮೇಲೆ ಅವರು ಹೋಗುವವರು ನಿಂತು ಕೇಳಿದರು, "ನೂಲು ತೆಗೆಯೋದು ನೋಡಿದ್ದೀರಾ ಅಮ್ಮ?"

"ಇಲ್ಲ."

"ಒಂದ್ ಸಲಾನೂ?"

"ಚಂದ್ರಿಕೆಯಿಂದ ಬಿಡ್ಸಿದ್ಮೇಲೆ ಏನಾಯ್ತದೋ ನಂಗೆ ಗೊತ್ತೇ ಇಲ್ಲ ಕಣಪ್ಪ."

ಅವರ ಘಟಕ ಎರಡು ಬೀದಿ ಆಚೆ. ಒಳಗೆಲ್ಲ ಬಿಸಿ ಹಬೆ. ಸಾಲಾಗಿ ಬಿಸಿನೀರಿನ ತೊಟ್ಟಿಗಳು, ಅವುಗಳಲ್ಲಿ ತೇಲುವ ಗೂಡುಗಳು, ಮುಂದೆ ಕೂತ ಹೆಂಗಸರು. ಅವ್ವ ಒಬ್ಬಳ ಪಕ್ಕ ಹೋಗಿ ನಿಂತಳು. ಆಕೆ ನೀರಿನೊಳಗೆ ಬೆರಳು ತಿರುವಿ, ಕಣ್ಣಿಗೆ ಕಾಣಿಸದಂಥ ಎಳೆಗಳನ್ನು ಎತ್ತಿ, ನಾಲ್ಕಾರು ಸೇರಿಸಿ ಮೇಲಕ್ಕೆ ಕೊಟ್ಟಳು. ಮೇಲೆ ರಾಟೆ ತಿರುಗುತ್ತಿತ್ತು. ಕೆಳಗೆ ನೀರಿನಲ್ಲಿ ಗೂಡುಗಳು ಕುಣಿಯುತ್ತಾ ಕುಣಿಯುತ್ತಾ ತೆಳ್ಳಗಾಗುತ್ತಿದ್ದವು.

"ಹಿಡ್ಕೊಳಿ ಅಕ್ಕ" ಅಂದಳು ಆಕೆ. "ಒತ್ತಬೇಡಿ, ಸುಮ್ನೆ ಮುಟ್ಟಿ."

ಅವ್ವ ತೋರುಬೆರಳು ಚಾಚಿದಳು. ಎಳೆ ಬೆರಳ ಮೇಲೆ ಹರಿದುಕೊಂಡು ಹೋಯಿತು. ಕಡಿಯಲಿಲ್ಲ. ಹರಿಯುತ್ತಲೇ ಇತ್ತು. ಅವಳು ಬೆರಳು ತೆಗೆಯಲಿಲ್ಲ. ಹಬೆಗೆ ಮುಖದ ಮೇಲೆ ಬೆವರು ಮೂಡಿತು, ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಅಪ್ಪನ ಫೋನು. ನಾನು ಸ್ಪೀಕರಿಗೆ ಹಾಕಿ ಅವಳ ಮುಂದೆ ಹಿಡಿದೆ.

"ಎಲ್ಲಿದ್ದೀರಿ? ಗೂಡು ಆಯ್ತಾ? ಆ ಬಿಳಿ ಹಸು ಒದ್ದು ಚೊಂಬು ಉರುಳ್ಸುಬುಡ್ತು ಕಣಮ್ಮಿ. ಯಾವಾಗ ಬತ್ತೀಯೆ?"

"ಬತ್ತೀನಿ ಇರು," ಅಂದಳು ಅವ್ವ, ಕಣ್ಣು ಎಳೆಯ ಮೇಲೇ. "ನನ್ ನೂಲು ನೋಡ್ತಾ ಇವ್ನಿ."

ಅದು ಅವಳ ಗೂಡಿನ ನೂಲಾಗಿರಲಿಲ್ಲ. ಯಾರದೋ ಹಿಂದಿನ ವಾರದ ಗೂಡು. ನಾನು ತಿದ್ದಲಿಲ್ಲ. ಫೋನು ಬ್ಯಾಗಿಗೆ ಹಾಕಿ, ನಾನೂ ಅವಳ ಪಕ್ಕದಲ್ಲಿ ನಿಂತು ಬೆರಳು ಚಾಚಿದೆ.